ಅಂಕಿಯ ಕೆಳಗಿನ ಗೆರೆ

ಮಾರ್ಚ್ 3, ಸೋಮವಾರ

ನಿವೃತ್ತಿಗೆ ಇನ್ನು ಐವತ್ತೆಂಟು ದಿನ. ಎಣಿಸುವುದಿಲ್ಲ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೇನೆ, ಆದರೆ ಎಣಿಸುತ್ತಿದ್ದೇನೆ. ಈ ನೋಟುಬುಕ್ಕಿನ ಮುಂದೆ ಸುಳ್ಳು ಹೇಳಿ ಏನು ಪ್ರಯೋಜನ?

ಪೆಥಾಲಜಿ ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಬೆನ್ನ ಹಿಂದೆ ‘ದೊಡ್ಡವರು’ ಎನ್ನುತ್ತೇವೆ. ಎತ್ತರ ಐದಡಿ ದಾಟುವುದಿಲ್ಲ, ಅದಕ್ಕೇ. ಅವರು ಇವತ್ತು ಹೊಸ ಡಾಕ್ಟರನ್ನು ನನ್ನ ಮೇಜಿನ ಬಳಿ ಕರೆತಂದರು. ಚಿಕ್ಕ ಹುಡುಗಿ. ಕನ್ನಡಕ ಜಾರುತ್ತಲೇ ಇರುತ್ತದೆ, ಅವಳು ಮೇಲೆ ತಳ್ಳುತ್ತಲೇ ಇರುತ್ತಾಳೆ.

“ಇವರು ಮಕ್ಕಳ ಕ್ಯಾನ್ಸರ್ ಮೇಲೆ ಅಧ್ಯಯನ ಮಾಡ್ತಿದ್ದಾರೆ. ಇಪ್ಪತ್ನಾಲ್ಕು ವರ್ಷದ್ದು. ಯಾವ ಗೆಡ್ಡೆ, ಯಾವ ವಯಸ್ಸಿಗೆ, ಎಷ್ಟು ಮಕ್ಕಳಿಗೆ, ಎಲ್ಲಾ ಬೇಕು. ನಿಮ್ಮ ರಿಜಿಸ್ಟರೇ ಆಧಾರ,” ಎಂದರು ದೊಡ್ಡವರು. ಆಮೇಲೆ ಅವಳ ಕಡೆ ತಿರುಗಿ, “ಇವರ ರಿಜಿಸ್ಟರಲ್ಲಿ ಒಂದು ತಪ್ಪು ಹುಡುಕಿಕೊಡಿ, ನನ್ನ ಕುರ್ಚಿ ನಿಮಗೆ,” ಎಂದರು.

ಹಿಗ್ಗಿದೆ. ಯಾಕೆ ಹಿಗ್ಗಬಾರದು? ಪರೀಕ್ಷೆಗೆ ಬಂದ ಪ್ರತಿ ಗೆಡ್ಡೆ, ರೋಗಿಯ ವಯಸ್ಸು, ಎಲ್ಲ ಬರೆದಿಟ್ಟ ನಲವತ್ತೊಂದು ರಿಜಿಸ್ಟರ್, ಒಂದೇ ಕೈಬರಹ. ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ. ರಜೆ ಹಾಕಿದ ದಿನವೂ ಬೇರೆಯವರ ಕೈಗೆ ಕೊಟ್ಟವಳಲ್ಲ, ಮರುದಿನ ಬಂದು ನಾನೇ ಬರೆದೆ. ನನ್ನ ಬೀರು, ನನ್ನ ಬೀಗ. ಎರಡು ವರ್ಷದ ಹಿಂದೆ ಯಾವುದೋ ಏಜೆನ್ಸಿಯ ಟೈಪಿಸ್ಟರು ಬಂದು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದಾಗ, ಪುಟ ಕೊಳೆಯಾಗದಂತೆ ಎರಡು ವಾರ ಬೆನ್ನ ಹಿಂದೆಯೇ ನಿಂತಿದ್ದೆ. ಅವರಿಗೆ ನನ್ನನ್ನು ಕಂಡರೆ ಮೈ ಉರಿಯುತ್ತಿತ್ತು. ಉರಿಯಲಿ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಮೂವತ್ತೆರಡು ಅಚ್ಚು ಕತ್ತರಿಸಿದೆ, ರೋಗಿಗಳಿಂದ ತೆಗೆದ ಚೂರುಗಳನ್ನು ಹುದುಗಿಸಿದ ಮೇಣದ ಅಚ್ಚುಗಳು. ಮೇಣ ಇವತ್ತು ಮಾತು ಕೇಳಿತು. ಯಂತ್ರದ ಹಿಡಿ ತಿರುಗಿಸಿದಂತೆಲ್ಲ ತೆಳ್ಳನೆ ಪಟ್ಟಿ ಇಳಿದು ಬರುತ್ತದೆ, ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿನ ಸ್ಲೈಡಿನಲ್ಲಿ ಎತ್ತಿಕೊಳ್ಳಬೇಕು. ಉಸಿರು ಜೋರಾಗಿ ಬಿಟ್ಟರೂ ಮಡಿಕೆ ಬೀಳುತ್ತದೆ. ಮಡಿಕೆ ಬಿದ್ದ ಕಡೆ ಡಾಕ್ಟರಿಗೆ ಏನೂ ಕಾಣುವುದಿಲ್ಲ. ಮೂವತ್ತೆರಡರಲ್ಲಿ ಒಂದಕ್ಕೂ ಬೀಳಲಿಲ್ಲ.

ಮಧ್ಯಾಹ್ನ ಹೊಸ ಡಾಕ್ಟರು ಚಹಾ ಹಿಡಿದುಕೊಂಡು ಬಂದಳು, ನನಗೂ ಒಂದು ಲೋಟ. ರಕ್ತದ ಕ್ಯಾನ್ಸರ್ ಎದುರಿನ ಕೋಣೆಯವರ ಪಾಲು, ನಮ್ಮ ಪಾಲಿಗೆ ಬರುವುದು ಗೆಡ್ಡೆಗಳು. ಇಷ್ಟು ವರ್ಷ ಕತ್ತರಿಸಿದ್ದೇನೆ, ಅವುಗಳ ನಡತೆಯನ್ನು ಯಾರೂ ನನಗೆ ಕೂರಿಸಿ ಹೇಳಿರಲಿಲ್ಲ.

“ವಯಸ್ಕರ ಕ್ಯಾನ್ಸರ್ ವಯಸ್ಸಾದಷ್ಟೂ ಜಾಸ್ತಿ ಮೇಡಂ. ಮಕ್ಕಳದ್ದು ಹಾಗಲ್ಲ, ಒಂದೊಂದು ಗೆಡ್ಡೆಗೂ ಅದರದ್ದೇ ವಯಸ್ಸು ಇರುತ್ತೆ. ಕಣ್ಣಿಂದು ಸಾಮಾನ್ಯವಾಗಿ ಹಾಲುಗಲ್ಲದ ಕೂಸುಗಳಿಗೆ. ಮೂತ್ರಪಿಂಡದ್ದು ಮೂರು ನಾಲ್ಕು ವರ್ಷಕ್ಕೆ. ಮೂಳೇದು ಮಕ್ಕಳು ಎತ್ತರ ಬೆಳೆಯೋ ಹೊತ್ತಿಗೆ,” ಎಂದಳು. ಆಮೇಲೆ ದನಿ ತಗ್ಗಿಸಿ, “ಆದ್ರೆ ನಮ್ಮ ಆಸ್ಪತ್ರೇಲಿ ಬೇರೆ ಥರ ಇದೆ, ಕಣ್ಣಿಂದಂತೂ ಪೂರ್ತಿ ಬೇರೆ. ಎರಡು ಮೂರು ವರ್ಷಕ್ಕೆ ಒಂದು ಸಣ್ಣ ಗುಂಪು. ಆಮೇಲೆ ಎಂಟರಿಂದ ಹದಿನಾಲ್ಕರವರೆಗೆ ದೊಡ್ಡ ಗುಂಪು! ಎಲ್ಲೂ ಹೀಗಿಲ್ಲ. ಜನ ವರ್ಷಗಟ್ಟಲೆ ಸುಮ್ನಿದ್ದು ತಡವಾಗಿ ಕರ್ಕೊಂಡು ಬರ್ತಾರೆ ಅಂತ ಕಾಣುತ್ತೆ. ಇದು ಹೊಸ ವಿಷಯ ಮೇಡಂ. ನಿಮ್ಮ ರಿಜಿಸ್ಟರಿಂದಲೇ ಸಿಕ್ಕಿದ್ದು.”

ನನ್ನ ರಿಜಿಸ್ಟರಿನಿಂದ! ಮನೆಗೆ ಬರುವಾಗ ಬಸ್ಸಿನಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದೆನೆಂದು ಕಾಣುತ್ತದೆ, ಎದುರಿಗೆ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಇನ್ನು ಐವತ್ತೈದು ದಿನ.

ಮಾರ್ಚ್ 9, ಭಾನುವಾರ

ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು ಬುಗುರಿ ಮನೆಯಲ್ಲೇ ಇದ್ದಳು. ನಿಜವಾದ ಹೆಸರನ್ನು ಶಾಲೆಯವರು ಮಾತ್ರ ಕರೆದಿರಬೇಕು. ಒಂದು ಕಡೆ ನಿಂತ ಮಗುವಲ್ಲ, ಈಗಲೂ ನಿಲ್ಲುವುದಿಲ್ಲ. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಕೆಲಸ, ಇಡೀ ದಿನ ಕಟ್ಟಡಗಳ ಹೊಟ್ಟೆಯೊಳಗೆ ಮೇಲೆ ಕೆಳಗೆ ಓಡಾಟ.

“ದೊಡ್ಡಮ್ಮ, ನಿಮ್ಮ ಆಸ್ಪತ್ರೆ ಲಿಫ್ಟಿಗೆ ಒಂದು ಗತಿ ಕಾಣಿಸ್ಬೇಕು. ಅದು ರಿಪೇರಿ ಕೇಳ್ತಿಲ್ಲ, ಪಿಂಚಣಿ ಕೇಳ್ತಿದೆ.”

“ಪಿಂಚಣಿ ಮೊದಲು ನನಗೆ. ಅದು ಸರದೀಲಿ ನಿಲ್ಲಲಿ,” ಎಂದೆ.

ಹೊಸ ಡಾಕ್ಟರ ಅಧ್ಯಯನದ ಸುದ್ದಿಯನ್ನು ಜಂಭದಿಂದಲೇ ಹೇಳಿದೆ. ‘ತಡವಾಗಿ ಕರ್ಕೊಂಡು ಬರ್ತಾರೆ’ ಎಂದಾಗ ತಂಗಿಯ ಮುಖ ಬಾಡಿತು. ನಾಲಿಗೆ ಕಚ್ಚಿಕೊಂಡೆ. ಬುಗುರಿಗೆ ಕಣ್ಣಿನ ಗೆಡ್ಡೆ ಬಂದಾಗ ಒಂದೂವರೆ ವರ್ಷ. ದೀಪದ ಬೆಳಕಿಗೆ ಬಲಗಣ್ಣು ಬೆಳ್ಳಗೆ ಹೊಳೆದದ್ದನ್ನು ಮೊದಲು ಕಂಡವಳು ತಂಗಿಯೇ. ಹನ್ನೊಂದೇ ದಿನದಲ್ಲಿ ನಮ್ಮ ಆಸ್ಪತ್ರೆಯಲ್ಲಿದ್ದಳು. ಮಗು ಉಳಿಯಬೇಕಾದರೆ ಕಣ್ಣು ತೆಗೆಯಲೇಬೇಕಾಯಿತು. ‘ಕಂಡ ದಿನವೇ ಓಡಿದ್ರೆ ಕಣ್ಣು ಉಳೀತಿತ್ತು’ ಎಂದು ಅವಳ ಅತ್ತೆ ಸಾಯುವ ತನಕ ಚುಚ್ಚಿದರು. ಚುಚ್ಚುತ್ತಿದ್ದವರು ಹೋದರೂ ಮಾತು ಇವಳೊಳಗೆ ಉಳಿದುಬಿಟ್ಟಿದೆ.

ಆ ಕಣ್ಣನ್ನು ಕತ್ತರಿಸಿದ್ದು ನಾನು. ‘ಬೇರೆಯವರಿಗೆ ಕೊಡಿ, ನಿಮ್ಮ ಕೈಲಾಗಲ್ಲ’ ಎಂದಿದ್ದರು ದೊಡ್ಡವರು. ಕೊಡಲಿಲ್ಲ. ಗೆಡ್ಡೆ ಕಣ್ಣಿನ ಹಿಂದಿನ ನರದೊಳಗೆ ಇಳಿದಿದೆಯೋ ಇಲ್ಲವೋ ಎಂಬುದರ ಮೇಲೆ ಮಗುವಿನ ಜೀವ ನಿಂತಿತ್ತು. ಬೇರೆ ಯಾರೋ ಕತ್ತರಿಸಿ, ಅಲ್ಲೇ ಒಂದು ಮಡಿಕೆ ಬಿದ್ದು, ಡಾಕ್ಟರಿಗೆ ಕಾಣದೆ ಹೋದರೆ? ಕತ್ತರಿಸಿದೆ. ನರ ಚೊಕ್ಕವಾಗಿತ್ತು. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು, ಉಳಿದ ಅಚ್ಚುಗಳನ್ನೂ ಕತ್ತರಿಸಿದೆ. ನಲವತ್ತೊಂದು ರಿಜಿಸ್ಟರುಗಳಲ್ಲಿ ನನಗೆ ಬಾಯಿಪಾಠವಾಗಿರುವ ಸಂಖ್ಯೆ ಅದೊಂದೇ, 1147.

ಮಾರ್ಚ್ 11, ಮಂಗಳವಾರ

ಆಸೆಗೆ ಒಂದು ಕೇಳಿದೆ. “ಡಾಕ್ಟ್ರೇ, ನಿಮ್ಮ ಪಟ್ಟೀಲಿ 1147 ತೋರಿಸ್ತೀರಾ? ನನ್ನ ತಂಗಿ ಮಗಳು.”

ಕಂಪ್ಯೂಟರಿನಲ್ಲಿ ಹುಡುಕಿದಳು. ಕನ್ನಡಕ ತಳ್ಳಿಕೊಂಡು ಮತ್ತೆ ಹುಡುಕಿದಳು. ಏಳುನೂರ ಎರಡು ಮಕ್ಕಳ ಪಟ್ಟಿಯಲ್ಲಿ ಬುಗುರಿ ಇರಲಿಲ್ಲ.

“ಇಲ್ಲಿ, ಎಲ್ಲರ ಪಟ್ಟೀಲಿ ಸಿಕ್ತು. ಆದ್ರೆ ಇವ್ರು ಮಕ್ಕಳ ಲೆಕ್ಕಕ್ಕೆ ಬರಲ್ಲ ಮೇಡಂ. ನಾನು ತಗೊಂಡಿರೋದು ಹದಿನೈದು ವರ್ಷದ ಒಳಗಿನವರನ್ನ. ಇವ್ರ ವಯಸ್ಸು ಹದಿನೆಂಟು.”

ಪರದೆಗೆ ಮುಖ ತಾಗುವಷ್ಟು ಬಗ್ಗಿ ನಾನೇ ಓದಿಕೊಂಡೆ.

“ಯಾಕೆ ಮೇಡಂ?”

“ಏನಿಲ್ಲ, ನೀರು ಬಿಸಿಗಿಟ್ಟು ಬಂದಿದ್ದೆ,” ಎಂದು ಎದ್ದೆ. ಬೀರು ತೆರೆದು ರಿಜಿಸ್ಟರ್ ತೆಗೆದೆ. 18. ಅದರ ಕೆಳಗೆ ಒಂದು ಪುಟ್ಟ ಗೆರೆ.

ಆ ಗೆರೆ ನನ್ನದೇ ಉಪಾಯ. ವಯಸ್ಸಿನ ಕಾಲಮ್ಮು ಎರಡು ಅಂಕಿ ಹಿಡಿಸುವಷ್ಟೇ ಅಗಲ. ‘ತಿಂಗಳು’ ಎಂದು ಬರೆದರೆ ಪಕ್ಕದ ಕಾಲಮ್ಮಿಗೆ ಚೆಲ್ಲಿ ಪುಟದ ಅಂದ ಕೆಡುತ್ತಿತ್ತು. ಅದಕ್ಕೆ ಎರಡು ವರ್ಷ ತುಂಬದ ಮಕ್ಕಳಿಗೆ ತಿಂಗಳ ಸಂಖ್ಯೆ ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದೆ. ನಮ್ಮ ಹಳೆಯ ಟೈಪಿಸ್ಟನಿಗೆ ಅದು ಗೊತ್ತಿತ್ತು. ಗೆರೆ ಕಂಡರೆ ವರದಿಯಲ್ಲಿ ತಿಂಗಳು ಎಂದೇ ಟೈಪು ಮಾಡುತ್ತಿದ್ದ. ಅವನು ನಿವೃತ್ತನಾದ ಮೇಲೆ ಬಂದವರು ವೈದ್ಯರು ಕಳಿಸುವ ಚೀಟಿ ನೋಡಿಯೇ ವರದಿ ಮಾಡುತ್ತಿದ್ದರು, ಹಾಗಾಗಿ ತೊಂದರೆ ಆಗಲಿಲ್ಲ. ಏಜೆನ್ಸಿಯವರು ಅಂಕಿ ಮಾತ್ರ ಒತ್ತಿದರು. ನಾನು ಬೆನ್ನ ಹಿಂದೆಯೇ ನಿಂತಿದ್ದೆ. ಪುಟ ಕೊಳೆಯಾಗದ ಹಾಗೆ ನೋಡಿಕೊಂಡೆ.

ಎಂಟು ತಿಂಗಳ ಕೂಸುಗಳೆಲ್ಲ ಎಂಟು ವರ್ಷದವರಾಗಿದ್ದಾರೆ. ಹದಿನೈದು ತಿಂಗಳು ತುಂಬಿದವರು ಲೆಕ್ಕದಿಂದಲೇ ಆಚೆ ಹೋಗಿದ್ದಾರೆ.

ಮಾರ್ಚ್ 12, ಬುಧವಾರ

ಏನೂ ಹೇಳಲಿಲ್ಲ. ನಾಲ್ಕು ಸ್ಲೈಡಿಗೆ ಮಡಿಕೆ ಬಿತ್ತು.

ಮಾರ್ಚ್ 13, ಗುರುವಾರ

ಇಪ್ಪತ್ತೆಂಟನೇ ತಾರೀಕು ಆಸ್ಪತ್ರೆಯ ವಾರ್ಷಿಕ ಸಭೆ. ಹೊಸ ಡಾಕ್ಟರು ಅಧ್ಯಯನ ಮಂಡಿಸುತ್ತಾಳೆ. ಅದೇ ವೇದಿಕೆಯಲ್ಲಿ ನನಗೆ ಸನ್ಮಾನವಂತೆ. ‘ಒಂದೂ ತಪ್ಪಿಲ್ಲದ ರಿಜಿಸ್ಟರ್’ ಎಂದು ಹೇಳಿ, ಮೊದಲ ರಿಜಿಸ್ಟರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ವಿಭಾಗದ ಬಾಗಿಲಲ್ಲಿ ಇಡುತ್ತಾರಂತೆ. ದೊಡ್ಡವರು ಅಳತೆ ತೆಗೆದುಕೊಂಡು ಹೋದರು.

ತಪ್ಪು ನನ್ನದಲ್ಲ, ಗೆರೆ ಅಲ್ಲೇ ಇದೆಯಲ್ಲ. ಕಣ್ಣಿದ್ದವರು ನೋಡಬೇಕಿತ್ತು. ನಲವತ್ತೆಂಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಆಯಿತು.

ಮಾರ್ಚ್ 15, ಶನಿವಾರ

ಹೇಳಿಬಿಟ್ಟೆ.

ಹೇಳಬೇಕೆಂದು ಹೋದದ್ದಲ್ಲ. ಅವಳೇ ಕರಡು ಓದಲು ಕೊಟ್ಟಳು. ನನಗೆ ಧನ್ಯವಾದ ಬರೆದ ಪುಟವನ್ನು ತೋರಿಸುವುದು ಅವಳ ಆಸೆ. ನನ್ನ ಕಣ್ಣು ಅದರ ಮೇಲಿನ ಸಾಲಿನಲ್ಲಿ ನಿಂತಿತು: ‘ಕಣ್ಣಿನ ಗೆಡ್ಡೆಯಲ್ಲಿ ಪೋಷಕರ ಅಲಕ್ಷ್ಯವೇ ವಿಳಂಬಕ್ಕೆ ಮುಖ್ಯ ಕಾರಣವಿರಬಹುದು.’

ತಂಗಿಯ ಮುಖ ಕಣ್ಣ ಮುಂದೆ ಬಂತು. ಇದು ಅಚ್ಚಾದರೆ ಅವಳ ಅತ್ತೆಯ ಮಾತಿಗೆ ಮೊಹರು ಬಿದ್ದ ಹಾಗೆ. ಅದೂ ನನ್ನ ಕೈಯಿಂದ.

“ಡಾಕ್ಟ್ರೇ, ಈ ಸಾಲು ಹೊಡೆದುಹಾಕಿ. ಅವ್ರು ತಡ ಮಾಡಿಲ್ಲ. ಆ ಮಕ್ಕಳಿಗೆ ಎಂಟು ವರ್ಷ ಅಲ್ಲ, ಎಂಟು ತಿಂಗಳು.” ರಿಜಿಸ್ಟರ್ ತಂದು ಗೆರೆ ತೋರಿಸಿದೆ.

ತುಂಬ ಹೊತ್ತು ಪುಟ ತಿರುವಿದಳು. ಕನ್ನಡಕ ಮೂಗಿನ ತುದಿಗೆ ಜಾರಿತು, ತಳ್ಳಿಕೊಳ್ಳಲಿಲ್ಲ.

“ಈ ಗೆರೆ ಯಾರ್ಯಾರಿಗೆ ಗೊತ್ತಿತ್ತು?”

“ನನಗೆ, ಹಳೇ ಟೈಪಿಸ್ಟನಿಗೆ.”

“ಎಲ್ಲಾದ್ರೂ ಬರೆದಿಡಬಹುದಿತ್ತಲ್ಲ?”

“ನಾನೇ ಇದ್ದೆನಲ್ಲ.”

“ಇನ್ನು ನಲವತ್ತಾರು ದಿನಕ್ಕೆ ನೀವು ಇರಲ್ಲ ಮೇಡಂ.” ಅವಳೂ ಎಣಿಸುತ್ತಿದ್ದಾಳೆ! ಆಮೇಲೆ ಮೆಲ್ಲಗೆ, “ಹೊಸದು ಸಿಕ್ತು ಅಂತ ಅಮ್ಮಂಗೆ ಫೋನ್ ಮಾಡಿ ಹೇಳಿಬಿಟ್ಟಿದ್ದೆ,” ಎಂದಳು. ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಒಂದು ನಿಮಿಷವೂ ಆಗಿರಲಿಲ್ಲ, ಎದ್ದು ತೋಳು ಮಡಚಿದಳು. “ಎಲ್ಲ ಗೆರೆನೂ ಇಷ್ಟು ಸ್ಪಷ್ಟ ಇಲ್ಲ. ಕೆಲವು ಪುಟದ ಅಚ್ಚುಗೆರೆ ಮೇಲೇ ಕೂತುಬಿಟ್ಟಿವೆ. ನಿಮ್ಮ ನೆನಪು ಸಾಕಾಗಲ್ಲ, ಒಂದೊಂದಕ್ಕೂ ಸಾಕ್ಷಿ ಬೇಕು. ಹದಿಮೂರು ದಿನ ಇದೆ. ಬರ್ತೀರಾ?”

ಮಾರ್ಚ್ 18, ಮಂಗಳವಾರ

ನೆಲಮಾಳಿಗೆಯಲ್ಲಿ ಮೂರನೇ ದಿನ. ಹಳೆಯ ವರದಿಗಳ ಪ್ರತಿಗಳು ಇಲ್ಲಿ ಕಟ್ಟುಕಟ್ಟಾಗಿ ಬಿದ್ದಿವೆ. ಕೊನೆಯ ಹದಿನೈದು ವರ್ಷದವು ಚೆನ್ನಾಗಿವೆ, ವಯಸ್ಸು ಅಕ್ಷರದಲ್ಲೇ ಇದೆ. ಮೊದಲ ಒಂಬತ್ತು ವರ್ಷದವು ಯಾವುದೋ ಪೈಪು ಒಡೆದಾಗ ನೆನೆದು ಇಟ್ಟಿಗೆಯಾಗಿವೆ. ಡಾಕ್ಟರು ಒಂದು ಕಟ್ಟನ್ನು ಬಿಡಿಸಲು ಹೋಗಿ ಉಗುರು ಕಿತ್ತುಕೊಂಡಳು. ಸೀನು ಶುರುವಾದರೆ ಇಬ್ಬರಿಗೂ ನಿಲ್ಲುವುದಿಲ್ಲ. ದೊಡ್ಡವರು ಮೆಟ್ಟಿಲ ಮೇಲಿನಿಂದ ಇಣುಕಿ, “ಏನು ನಡೀತಿದೆ ಇಲ್ಲಿ?” ಎಂದರು. “ನಿಮ್ಮ ಕುರ್ಚಿ ಹುಡುಕ್ತಿದೀವಿ ಸರ್,” ಎಂದಳು ಇವಳು. ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಕೂರಿಸಿ ಎಲ್ಲ ಹೇಳಿದೆವು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 22, ಶನಿವಾರ

ನೆನೆದುಹೋದ ಒಂಬತ್ತು ವರ್ಷಕ್ಕೆ ದಾರಿ ತೋರಿಸಿದ್ದು ನನ್ನ ಸ್ಲೈಡುಗಳು. ಕಾಗದ ಕೊಳೆತಿದೆ, ಗಾಜಿಗೇನೂ ಆಗಿಲ್ಲ.

ಡಾಕ್ಟರು ಒಂದು ಮೂತ್ರಪಿಂಡದ ಸ್ಲೈಡ್ ಇಟ್ಟು ನನ್ನನ್ನು ಕರೆದಳು. “ಗೆಡ್ಡೆ ಬಿಡಿ, ಪಕ್ಕದಲ್ಲಿ ಉಳಿದಿರೋ ಒಳ್ಳೇ ಭಾಗ ನೋಡಿ. ದುಂಡಗಿನ ಉಂಡೆಗಳು ಎಷ್ಟು ಸಣ್ಣ, ಎಷ್ಟು ಒತ್ತೊತ್ತಾಗಿವೆ! ಇದು ಕೂಸಿಂದು. ಹತ್ತು ವರ್ಷದ ಮಗೂದಾದ್ರೆ ಇವು ದೊಡ್ಡದಾಗಿ, ದೂರದೂರ ಇರ್ತವೆ.” ಹತ್ತು ವರ್ಷದ್ದನ್ನೂ ಇಟ್ಟು ತೋರಿಸಿದಳು. ನಾನು ಕತ್ತರಿಸಿದವುಗಳನ್ನು ಮೊದಲ ಸಲ ಹೀಗೆ ಕೂತು ನೋಡಿದೆ. ಗುಲಾಬಿ, ನೇರಳೆ, ಎಲ್ಲೂ ಮಂಕಾಗಿಲ್ಲ. “ಇಪ್ಪತ್ತು ವರ್ಷ ಹಳೇದು ಅಂದ್ರೆ ಯಾರೂ ನಂಬಲ್ಲ,” ಎಂದಳು. ಎದೆ ಉಬ್ಬಿತು, ಸುಳ್ಳೇಕೆ?

ಕಣ್ಣುಗಳದ್ದು ಕಷ್ಟ. ಸ್ಲೈಡಿನ ಮೇಲೆ ಅಳತೆಪಟ್ಟಿ ಇಟ್ಟು ಗುಡ್ಡೆಯ ಅಗಲ ನೋಡುತ್ತೇವೆ, ಕೂಸಿನದು ಚಿಕ್ಕದು. ಆದರೂ ಕೆಲವು ನಡುವೆ ನಿಲ್ಲುತ್ತವೆ. ಒಂದನ್ನು “ಇದು ಒಂಬತ್ತು ತಿಂಗಳೇ, ನನಗೆ ಗೊತ್ತು,” ಎಂದು ಹಟ ಹಿಡಿದೆ. “ಹೇಗೆ ಗೊತ್ತು?” ಎಂದಳು. ಯೋಚಿಸಿದೆ. ಗೊತ್ತಿರಲಿಲ್ಲ. ‘ವಯಸ್ಸು ಖಚಿತವಿಲ್ಲ’ ಎಂಬ ಸಾಲಿಗೆ ನಾನೇ ಬರೆದೆ.

ಮಾರ್ಚ್ 26, ಬುಧವಾರ

ಮುಗಿಯಿತು. ಆಚೆ ಉಳಿದಿದ್ದವರು ಅರವತ್ತೊಂದು ಮಕ್ಕಳು. ಈಗ ಒಟ್ಟು ಏಳುನೂರ ಅರವತ್ತಮೂರು. ಹನ್ನೊಂದು ಮಕ್ಕಳ ವಯಸ್ಸು ನಮಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಬರೆದಿದ್ದೇವೆ.

ನಮ್ಮ ಡಾಕ್ಟರು ಗುಂಡಿ ಒತ್ತಿದಳು. ಪರದೆಯ ಮೇಲಿನ ನಕ್ಷೆಯಲ್ಲಿ ಎಂಟರಿಂದ ಹದಿನಾಲ್ಕರವರೆಗೆ ಗುಡ್ಡದ ಹಾಗೆ ಎದ್ದಿದ್ದ ಆ ಗುಂಪು ಕರಗಿ, ಎಡಗಡೆ, ಒಂದು ವರ್ಷದ ಆಸುಪಾಸಿಗೆ ಬಂದು ನಿಂತಿತು. ಕಣ್ಣು ಕೂಸುಗಳಿಗೆ, ಮೂತ್ರಪಿಂಡ ಮೂರು ನಾಲ್ಕಕ್ಕೆ, ಮೂಳೆ ಎತ್ತರ ಬೆಳೆಯುವ ಹೊತ್ತಿಗೆ. ಎಲ್ಲ ಕಡೆ ಇರುವ ಹಾಗೆಯೇ.

“ಹೊಸದೇನೂ ಉಳೀಲಿಲ್ಲ,” ಎಂದೆ. ನನಗೆ ಪಾಪ ಎನ್ನಿಸಿತು.

“ಇರ್ಲಿ ಬಿಡಿ ಮೇಡಂ. ಇದು ನಿಜ,” ಎಂದು ಚಹಾ ತರಲು ಹೋದಳು.

ಮಾರ್ಚ್ 28, ಶುಕ್ರವಾರ

ಸಭಾಂಗಣ ತುಂಬಿತ್ತು. ನಮ್ಮ ಡಾಕ್ಟರು ಚೆನ್ನಾಗಿ ಮಾತನಾಡಿದಳು. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿಕೊಟ್ಟಿದ್ದೆ, ಒಮ್ಮೆಯೂ ಜಾರಲಿಲ್ಲ. ಕೊನೆಯಲ್ಲಿ, “ಕಣ್ಣಿನ ಗೆಡ್ಡೆಯ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ತುಂಬೋ ಮೊದಲೇ ನಮ್ಮಲ್ಲಿಗೆ ಬಂದಿದ್ದಾರೆ. ಇಲ್ಲಿನ ತಾಯಂದಿರು ಬೇಗ ಕಂಡುಹಿಡಿದಿದ್ದಾರೆ,” ಎಂದಳು.

ಆಮೇಲೆ ದೊಡ್ಡವರು ನನ್ನನ್ನು ಕರೆದರು. ಒಂದೂ ತಪ್ಪಿಲ್ಲದ ಎನ್ನಲಿಲ್ಲ, ಇಪ್ಪತ್ನಾಲ್ಕು ವರ್ಷ ಬಿಡದೆ ಬರೆದ ಎಂದರು. ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ನಾನು ಮೈಕು ಕೇಳಿ ಇಸಿದುಕೊಂಡೆ.

“ಈ ರಿಜಿಸ್ಟರಲ್ಲಿ ನನ್ನದೊಂದು ತಪ್ಪಿದೆ. ಅಂಕಿ ಕೆಳಗೆ ಗೆರೆ ಎಳೆದ್ರೆ ತಿಂಗಳು ಅಂತ ಅರ್ಥ. ಅದನ್ನ ನಾನು ಎಲ್ಲೂ ಬರೆದಿಡಲಿಲ್ಲ, ಯಾರಿಗೂ ಹೇಳಿಕೊಡಲಿಲ್ಲ. ಅದರಿಂದ ಅರವತ್ತೊಂದು ಮಕ್ಕಳು ಲೆಕ್ಕ ತಪ್ಪಿದ್ರು. ಡಾಕ್ಟ್ರು ಅವ್ರನ್ನ ವಾಪಸ್ ತಂದಿದ್ದಾರೆ. ಪೆಟ್ಟಿಗೇಲಿ ಇಡೋದಾದ್ರೆ ಮೊದಲ ಪುಟ ತೆರೆದಿಡಿ, ಗೆರೆಯ ಅರ್ಥ ಅಲ್ಲಿ ಬರೆದಿದ್ದೀನಿ.”

ಮೈಕು ವಾಪಸು ಕೊಟ್ಟೆ. ಚಪ್ಪಾಳೆ ಬಿತ್ತೋ ಇಲ್ಲವೋ ಸರಿಯಾಗಿ ಕೇಳಿಸಲಿಲ್ಲ. ನಮ್ಮ ಡಾಕ್ಟರು ಮಾತ್ರ ಎದ್ದು ನಿಂತದ್ದು ಕಂಡಿತು.

ಸಂಜೆ ತಂಗಿಗೆ ಫೋನು ಮಾಡಿ ಡಾಕ್ಟರ ಆ ಕೊನೆಯ ಸಾಲನ್ನು ಓದಿ ಹೇಳಿದೆ.

“ಇನ್ನೊಂದ್ಸಲ ಓದು,” ಎಂದಳು. ಓದಿದೆ. ಮೂಗು ಸೀಟುವ ಸದ್ದು ಬಂತು. “ಇವತ್ತು ನಮ್ಮತ್ತೆ ಇರ್ಬೇಕಿತ್ತು ಕಣೇ.”

ಮಾರ್ಚ್ 31, ಸೋಮವಾರ

ಲಿಫ್ಟು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಸಿಕ್ಕಿಕೊಂಡಿತು, ಒಳಗೆ ದೊಡ್ಡವರು. ಕಂಪನಿಯಿಂದ ಬಂದವಳು ಬುಗುರಿ. ಅವರನ್ನು ಇಳಿಸಿ, ಉಪಕರಣದ ಚೀಲ ಹೆಗಲಿಗೇರಿಸಿಕೊಂಡು ನೇರ ನಮ್ಮ ಕೋಣೆಗೇ ಬಂದಳು. ನಾನು ರಿಜಿಸ್ಟರುಗಳ ಮುಂದೆ ಕೂತಿದ್ದೆ. ಗೆರೆ ಇರುವಲ್ಲೆಲ್ಲ ಕೆಂಪು ಶಾಯಿಯಲ್ಲಿ ತಿಂಗಳು ಎಂದು ಬರೆಯುತ್ತಿದ್ದೇನೆ, ಪಕ್ಕದ ಕಾಲಮ್ಮಿಗೆ ಚೆಲ್ಲಿದರೆ ಚೆಲ್ಲಲಿ. ನಾಲ್ಕು ರಿಜಿಸ್ಟರ್ ಮುಗಿದಿವೆ.

“ದೊಡ್ಡಮ್ಮ ಕಾಟು ಹೊಡೀತಿದ್ದಾಳೆ! ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?”

“ಕೈ ಗ್ರೀಸು. ಪುಟ ಮುಟ್ಟಬೇಡ,” ಎಂದೆ.

ಅವಳು ಕೈ ಒರೆಸಿಕೊಳ್ಳುತ್ತ ನಿಂತಳು. ಬುಗುರಿ ನಿಂತದ್ದೇ ಒಂದು ಸುದ್ದಿ. “ಅಮ್ಮ ಎಲ್ಲ ಹೇಳಿದ್ಳು. ನನ್ನದು ಇನ್ನೂ ಇದ್ಯಾ ಇಲ್ಲಿ? ನೋಡಬಹುದಾ?”

ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಡಾಕ್ಟರ ಕಡೆ ನೋಡಿದೆ. ಅವಳು ಆಗಲೇ ಎದ್ದು ತನ್ನ ಕುರ್ಚಿಯನ್ನು ಹಿಂದಕ್ಕೆಳೆದು ಕೊಟ್ಟಿದ್ದಳು. 1147 ತೆಗೆದು, ಬಟ್ಟೆಯಿಂದ ಒರೆಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ.

ಬುಗುರಿ ಬಗ್ಗಿ ಎಡಗಣ್ಣು ಇಟ್ಟಳು. ಡಾಕ್ಟರು ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿಕೊಟ್ಟಳು, ಇದು ಗುಡ್ಡೆಯ ಗೋಡೆ, ನೇರಳೆ ಬಣ್ಣದ್ದು ಗೆಡ್ಡೆ, ಹಿಂದೆ ಬಾಲದ ಹಾಗೆ ಇರುವುದು ನರ, ನೋಡಿ, ಅಲ್ಲಿ ಏನೂ ಇಲ್ಲ, ಪೂರ್ತಿ ಚೊಕ್ಕ. ಬುಗುರಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಹೊರಗೆ ಯಾರೋ ಲಿಫ್ಟಿನ ಗಂಟೆ ಒತ್ತುತ್ತಿದ್ದರು.

“ಎಷ್ಟು ನೀಟಾಗಿ ಕತ್ತರಿಸಿದೀಯ ದೊಡ್ಡಮ್ಮ,” ಎಂದಳು ಕೊನೆಗೆ, ಕಣ್ಣು ತೆಗೆಯದೆ. “ಒಂದು ಮಡಿಕೆ ಕೂಡ ಇಲ್ಲ.”

ಅವಳು ಲಿಫ್ಟಿನ ಕಡೆ ಹೋದ ಮೇಲೆ ನಾನೂ ಒಮ್ಮೆ ಬಗ್ಗಿ ನೋಡಿದೆ. ನಿಜ, ಇಲ್ಲ. ಆಮೇಲೆ ರಿಜಿಸ್ಟರ್ ತೆರೆದು, 18ರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ತಿಂಗಳು ಎಂದು ಬರೆದೆ.